ವ್ಯಾಕ್ಯೂಮ್ ಯಂತ್ರದಲ್ಲಿ ತೊಳೆದ ಮೇಲೂ ರೆಕಾರ್ಡ್ ಚಟಪಟ ಎನ್ನುವುದೇಕೆ?

ವ್ಯಾಕ್ಯೂಮ್ ಯಂತ್ರದಲ್ಲಿ ತೊಳೆದ ನಂತರವೂ ನಿಮ್ಮ ಎಲ್‌ಪಿ ರೆಕಾರ್ಡುಗಳಲ್ಲಿ ಚಟಪಟ ಸದ್ದು ಉಳಿದಿದೆ, ಕೆಲವದರಲ್ಲಿ ಮೊದಲಿಗಿಂತ ಹೆಚ್ಚಾಗಿದೆ ಎಂದು ಬರೆದಿದ್ದೀರಿ. ಯಂತ್ರವೇ ಕೆಟ್ಟಿರುವ ಸಂಭವ ಕಡಿಮೆ. ಸಡಿಲಗೊಂಡ ಕೊಳೆಯನ್ನು ದ್ರವದೊಡನೆ ಹೀರಿಕೊಳ್ಳುವುದಷ್ಟೇ ಅದರ ಕೆಲಸ. ರೆಕಾರ್ಡಿನ ಗೆರೆಗಳ ಆಳದಲ್ಲಿ ಅಂಟಿಕೊಂಡದ್ದನ್ನು ಸಡಿಲಿಸಬೇಕಾದದ್ದು ತೊಳೆಯುವ ದ್ರವ, ಬ್ರಷ್ ಮತ್ತು ನೀವು ಕೊಡುವ ಸಮಯ.

ಮೊದಲು ಒಣ ಧೂಳನ್ನು ಕಾರ್ಬನ್ ಫೈಬರ್ ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅದು ದ್ರವದಲ್ಲಿ ಕಲಸಿ ಕೆಸರಾಗುತ್ತದೆ. ಅನಂತರ ಮೇಲ್ಮೈ ಪೂರ್ತಿ ನೆನೆಯುವಷ್ಟು ದ್ರವವನ್ನು ಧಾರಾಳವಾಗಿ ಹಾಕಿ, ಗೆರೆಗಳ ದಿಕ್ಕಿನಲ್ಲೇ ಬ್ರಷ್ ಆಡಿಸಿ, ಎರಡು ಮೂರು ನಿಮಿಷ ಹಾಗೆಯೇ ಬಿಡಿ. ಬೆರಳಿನ ಜಿಡ್ಡು ಅಥವಾ ಬೂಷ್ಟು ಇದ್ದರೆ ಇನ್ನಷ್ಟು ಹೊತ್ತು ಬೇಕಾಗಬಹುದು, ಆದರೆ ದ್ರವ ಎಲ್ಲಿಯೂ ಒಣಗಲು ಬಿಡಬಾರದು. ಹೆಚ್ಚಿನವರು ಅವಸರಪಡುವುದು ಇಲ್ಲಿಯೇ.

ಹೀರುವಾಗ ಮಾತ್ರ ಅತಿಯಾಗಬಾರದು. ಸಾಮಾನ್ಯವಾಗಿ ಎರಡು ಸುತ್ತು ಸಾಕು. ಒಣಗಿದ ವಿನೈಲ್ (ಎಲ್‌ಪಿಯ ಪ್ಲಾಸ್ಟಿಕ್) ಮೇಲೆ ಹೀರುವ ಕೊಳವೆಯ ಮಖಮಲ್ ಪಟ್ಟಿ ಉಜ್ಜುತ್ತಲೇ ಇದ್ದರೆ ಸ್ಥಿರ ವಿದ್ಯುತ್ ಹುಟ್ಟಿ, ಸುತ್ತಲಿನ ಧೂಳನ್ನೆಲ್ಲ ರೆಕಾರ್ಡ್ ತನ್ನತ್ತ ಸೆಳೆದುಕೊಳ್ಳುತ್ತದೆ. ನಿಮ್ಮ ಕೆಲವು ರೆಕಾರ್ಡುಗಳಲ್ಲಿ ಸದ್ದು ಹೆಚ್ಚಾದದ್ದಕ್ಕೆ ಇದು ಒಂದು ಕಾರಣವಾಗಿರಬಹುದು. ಇನ್ನೊಂದು ಕಾರಣ, ನನ್ನ ಅಭಿಪ್ರಾಯದಲ್ಲಿ ಮುಖ್ಯವಾದದ್ದು, ತೊಳೆಯುವ ದ್ರವದಿಂದ ಗೆರೆಗಳಲ್ಲಿ ಉಳಿದ ಮಾರ್ಜಕದ ಪದರ. ನುಡಿಸಿದ ಮೇಲೆ ಮುಳ್ಳಿನ ತುದಿಯಲ್ಲಿ ಬೆಳ್ಳಗಿನ ಮುದ್ದೆ ಕಂಡರೆ ಅದನ್ನೇ ಶಂಕಿಸಿ. ಆದ್ದರಿಂದ ತೊಳೆದ ಪ್ರತಿ ಬದಿಯನ್ನೂ ಡಿಸ್ಟಿಲ್ಡ್ ವಾಟರ್‌ನಿಂದ ಮತ್ತೊಮ್ಮೆ ಜಾಲಿಸಿ ಹೀರಿ, ಮತ್ತು ಅದಕ್ಕೆ ಬೇರೆಯೇ ಬ್ರಷ್ ಇಟ್ಟುಕೊಳ್ಳಿ. ನಲ್ಲಿ ನೀರು ಬೇಡ; ಅದರಲ್ಲಿ ಕರಗಿರುವ ಲವಣಗಳು ನೀರು ಆರಿದ ಮೇಲೆ ಗೆರೆಯಲ್ಲೇ ಉಳಿಯುತ್ತವೆ.

ಹೀರುವ ಕೊಳವೆಯ ಮಖಮಲ್ ಪಟ್ಟಿಗಳನ್ನು ದಯವಿಟ್ಟು ಕಡೆಗಣಿಸಬೇಡಿ. ಒಂದು ರೆಕಾರ್ಡಿನ ಮಣ್ಣನ್ನು ಮುಂದಿನದಕ್ಕೆ ಸಾಗಿಸುವುದು ಅವೇ. ಕೆಲಸದ ನಡುವೆ ಅವುಗಳನ್ನು ಶುಚಿಗೊಳಿಸುತ್ತಿರಿ, ಜುಂಗು ಚಪ್ಪಟೆಯಾದಾಗ ಬದಲಿಸಿ. ಕೀತ್ ಮಾಂಕ್ಸ್ ಹೆಸರಿನ ರೆಕಾರ್ಡ್ ತೊಳೆಯುವ ಯಂತ್ರಗಳಲ್ಲಿ ಸಣ್ಣ ಹೀರುನಳಿಕೆಗೂ ರೆಕಾರ್ಡಿಗೂ ನಡುವೆ ಒಂದು ದಾರವಿದ್ದು, ಅದು ಸರಿಯುತ್ತ ಹೊಸ ಭಾಗವನ್ನು ಒಡ್ಡುತ್ತದೆ. ಕೊಳಕಾದದ್ದು ಮತ್ತೆ ಗೆರೆಗೆ ತಾಗಬಾರದೆಂಬ ಎಚ್ಚರವನ್ನು ಅಷ್ಟು ಸರಳವಾಗಿ ಸಾಧಿಸಿದ ಆ ಉಪಾಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಇದೇ ಎಚ್ಚರ ರೆಕಾರ್ಡನ್ನು ಮಗುಚುವಾಗಲೂ ಇರಲಿ: ತೊಳೆಯದ ಬದಿ ತಾಗಿದ್ದ ಯಂತ್ರದ ತಟ್ಟೆಯ ಮೇಲೆ ತೊಳೆದ ಬದಿಯನ್ನು ನೇರವಾಗಿ ಇಡದೆ, ನಡುವೆ ಶುಚಿಯಾದ ಮ್ಯಾಟ್ ಹಾಕಿ.

ನಿಮಿಷಕ್ಕೆ 78 ಸುತ್ತಿನ ವೇಗದ ಹಳೆಯ ಅರಗಿನ ರೆಕಾರ್ಡುಗಳಿದ್ದರೆ ಆಲ್ಕೋಹಾಲ್ ಬೆರೆತ ದ್ರವವನ್ನು ಅವುಗಳ ಹತ್ತಿರಕ್ಕೂ ತರಬೇಡಿ, ಅರಗು ಅದರಲ್ಲಿ ಕರಗುತ್ತದೆ. ತೊಳೆದ ರೆಕಾರ್ಡನ್ನು ಹಳೆಯ ಕಾಗದದ ಒಳಚೀಲಕ್ಕೆ ಮರಳಿ ಸೇರಿಸದೆ ಹೊಸದರಲ್ಲಿಡಿ.

ಇಷ್ಟೆಲ್ಲ ಮಾಡಿ ಎರಡನೆಯ ಬಾರಿ ತೊಳೆದ ಮೇಲೂ ಪ್ರತಿ ಸುತ್ತಿನಲ್ಲಿ ಅದೇ ಜಾಗದಲ್ಲಿ ಟಕ್ ಎನ್ನುವ ಸದ್ದು ಬಂದರೆ ಅದು ಬಹುತೇಕ ಗೀರು. ಗಟ್ಟಿ ಸ್ವರಗಳಲ್ಲಿ ಮಾತ್ರ ಒಡಕು ಕೇಳಿದರೆ, ಮುಳ್ಳು ಶುಚಿಯಾಗಿದ್ದು ಸರಿಯಾಗಿ ಕೂತಿದೆ ಎಂದಾದರೆ, ಗೆರೆ ಸವೆದಿರಬಹುದು. ಇವೆರಡನ್ನೂ ಯಾವ ದ್ರವವೂ ಸರಿಪಡಿಸಲಾರದು, ಅಂಥ ರೆಕಾರ್ಡನ್ನು ಮತ್ತೆ ಮತ್ತೆ ತೊಳೆಯಬೇಕಾಗಿಲ್ಲ.