ಡಿಸ್ಟೆಂಪರ್ ವಾಸಿಯಾದ ಮೇಲೆ ಕಾಲು ಅದುರುತ್ತಿದೆಯಾ?

ನಿಮ್ಮ ನಾಲ್ಕು ವರ್ಷದ ನಾಯಿಗೆ ಡಿಸ್ಟೆಂಪರ್ (ನಾಯಿಗಳಿಗೆ ವೈರಸ್‌ನಿಂದ ಬರುವ ಅಂಟುರೋಗ) ಬಂದು, ಜ್ವರ, ಕಣ್ಣಿನ ಗೀಜು ಎಲ್ಲ ಹೋಗಿ ಮೂರು ವಾರದ ಮೇಲೆ ಹಿಂಗಾಲು ಅದುರೋಕೆ ಶುರುವಾಗಿದೆ, ಇದೂ ಡಿಸ್ಟೆಂಪರಾ ಅಂತ ಕೇಳಿದ್ದೀರಿ. ಆ ಸಾಧ್ಯತೆ ಜಾಸ್ತಿ. ಈ ವೈರಸ್ ದಡಾರದ ವೈರಸ್ಸಿನ ಗುಂಪಿಗೇ ಸೇರಿದ್ದು. ಮೈಯಿಂದ ಹೋದಂತೆ ಕಂಡರೂ ಮಿದುಳು, ಬೆನ್ನುಹುರಿಯಲ್ಲಿ ಉಳಿದು ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಮಾಡುತ್ತದೆ. ಅದಕ್ಕೇ ನರದ ತೊಂದರೆ ಸಾಮಾನ್ಯವಾಗಿ 1ರಿಂದ 3 ವಾರ ತಡವಾಗಿ ಕಾಣುತ್ತದೆ. ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ.

ನಿದ್ದೆಯಲ್ಲೂ ಕಾಲು ಒಂದೇ ತಾಳದಲ್ಲಿ ಜಗ್ಗುತ್ತದೆ ಅಂದಿರಲ್ಲ, ಅದು ಮಯೋಕ್ಲೋನಸ್, ಅಂದರೆ ಸ್ನಾಯು ತಾನಾಗೇ ಪದೇಪದೇ ಜಗ್ಗುವುದು, ಇರಬೇಕು. ಫಿಟ್ಸ್ ಬೇರೆ. ದವಡೆ ಚೂಯಿಂಗ್ ಗಮ್ ಅಗಿದ ಹಾಗೆ ಆಡುತ್ತಾ ಜೊಲ್ಲು ಸುರಿದರೆ ಅದು ಫಿಟ್ಸ್. ಫಿನೋಬಾರ್ಬಿಟೋನ್‌ನಂಥ ಮಾತ್ರೆಯಿಂದ ಅದನ್ನು ಹತೋಟಿಗೆ ತರಬಹುದು. ಮಯೋಕ್ಲೋನಸ್ ಮಾತ್ರ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ, ಜೀವನಪೂರ್ತಿ ಉಳಿಯಬಹುದು. ಹಾಗಿದ್ದೂ ತಿಂದುಂಡು ಓಡಾಡಿಕೊಂಡಿರುವ ನಾಯಿಗಳಿವೆ. ಬರೀ ಕಾಲು ಅದುರುತ್ತೆ ಅಂತ ದಯಾಮರಣದ ಮಾತು ಈಗಲೇ ಬೇಡ. ಫಿಟ್ಸ್ ದಿನದಿನಕ್ಕೆ ಹೆಚ್ಚಿದರೆ ಕಥೆ ಬೇರೆ.

ಇನ್ನೊಂದು ವಿಷಯ, ಇದು ನಮ್ಮೂರಲ್ಲಿ ಮರೆಯುವಂತಿಲ್ಲ: ರೇಬೀಸ್. ದವಡೆ ಜೋತುಬಿದ್ದರೆ, ನುಂಗೋಕೆ ಆಗದಿದ್ದರೆ, ಸ್ವಭಾವ ಬದಲಾದರೆ ದಯವಿಟ್ಟು ಬಾಯಿಗೆ ಕೈ ಹಾಕಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಇಲ್ಲದಿದ್ದರೂ ಈ ವಾರವೇ ತೋರಿಸಿ. ನಿಮಗೆ ಬೆಂಗಳೂರಿನ ಹೆಬ್ಬಾಳ ಹತ್ತಿರ ಅಂದಿರಿ, ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೇ ಹೋಗಬಹುದು. ಅದುರುವಾಗ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮೂತ್ರ, ಕಣ್ಣಿನ ಸ್ವ್ಯಾಬ್‌ನಲ್ಲಿ ಪಿಸಿಆರ್ (ವೈರಸ್ ಪತ್ತೆಮಾಡುವ ಪರೀಕ್ಷೆ) ಮಾಡಿಸಬಹುದಾ ಕೇಳಿ. ಮನೆಯಲ್ಲಿ ನಾಯಿಮರಿಯೂ ಇದ್ದು ಅದಕ್ಕೆ ಡಿಸ್ಟೆಂಪರ್ ಲಸಿಕೆ ಆಗಿಲ್ಲದಿದ್ದರೆ ಎರಡನ್ನೂ ಬೇರೆ ಬೇರೆ ಇಡಿ. ವಾಸಿಯಾದಂತಿರುವ ನಾಯಿಯೂ ವಾರಗಟ್ಟಲೆ ವೈರಸ್ ಹರಡಬಹುದು.