ಹೆಸರು ಮೊದಲು ಬರೆಯಿರಿ, ಸ್ಕ್ಯಾನ್ ಆಮೇಲೆ ಮಾಡಿ

ಓದುಗರೊಬ್ಬರ ಪತ್ರ: "ನಾವು ಹುಟ್ಟಿ ಬೆಳೆದ ಬೀದಿಯ ಹಳೇ ಮನೆಗಳು ಒಂದೊಂದಾಗಿ ಹೋಗುತ್ತಿವೆ. ನಮ್ಮ ಮನೆಯನ್ನೂ ಖಾಲಿ ಮಾಡುತ್ತಿದ್ದೇವೆ. ಅಟ್ಟದ ಮೇಲಿದ್ದ ಎರಡು ಟ್ರಂಕುಗಳಲ್ಲಿ ನೂರಾರು ಫೋಟೋ, ಕಾಗದದ ಕಟ್ಟುಗಳು, ಲೆಕ್ಕದ ಪುಸ್ತಕಗಳು ಸಿಕ್ಕಿವೆ. ಹಳೇ ಸಾಮಾನುಗಳೂ ಇವೆ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಬೀದಿಯ ಇತಿಹಾಸ ಉಳಿಸೋಣ ಅಂದುಕೊಂಡಿದ್ದೇವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಕಾಗದವನ್ನು ರದ್ದಿಗೂ ಸಾಮಾನನ್ನು ಗುಜರಿಗೂ ಕೊಡಬಹುದೇ? ಉಳಿಸಿಕೊಳ್ಳುವುದನ್ನು ತೊಳೆದು ಪಾಲಿಶ್ ಮಾಡಿಸಬೇಕೇ? ಅಷ್ಟಕ್ಕೂ ನಮ್ಮಂಥವರ ಮನೆಯ ವಸ್ತು ಯಾರಿಗೆ ಬೇಕು? ದಯವಿಟ್ಟು ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನೂ ಅದರ ಜೊತೆ ಕಳಿಸಿದ ಮೂರು ಫೋಟೋಗಳನ್ನೂ ಸಾಮಾನುಗಳ ಪಟ್ಟಿಯನ್ನೂ ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ನಿಮ್ಮ ಹೆಸರು ಹಾಕಿಲ್ಲ. ಉತ್ತರ ಮಾತ್ರ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಟ್ರಂಕು ಇರುವ ಮನೆಗಳು ಬಹಳ ಇವೆ.

ಮೊದಲು ಒಂದು ಮಾತು. ದಯವಿಟ್ಟು ಗುಜರಿಯವರಿಗೆ ಸದ್ಯಕ್ಕೆ ಬರಬೇಡಿ ಎಂದು ಹೇಳಿ. ಪಾಲಿಶ್ ಮಾಡುವವರಿಗೂ ಹಾಗೇ ಹೇಳಿಬಿಡಿ.

ನೀವು ಕಳಿಸಿದ ಮೂರನೆಯ ಫೋಟೋ ತೆಗೆದು ನೋಡಿ. ಒಂಬತ್ತು ಜನ ಸಾಲಾಗಿ ನಿಂತಿದ್ದಾರೆ. ಎಡಗಡೆಯ ಕೊನೆಯಲ್ಲಿರುವ ಹುಡುಗಿ ಅಲ್ಲಾಡಿರಬೇಕು, ಮುಖ ಮಸುಕಾಗಿದೆ. ಹಿಂದಿನ ಗೋಡೆಯ ಮೇಲೆ ಉದ್ದನೆಯ ಗಡಿಯಾರ ಇದೆ, ಮೇಲ್ಭಾಗದ ಕೆತ್ತನೆಯಲ್ಲಿ ಬಲಗಡೆಯ ಒಂದು ತುಂಡು ಮುರಿದಿದೆ. ಈಗ ನಿಮ್ಮ ಪಟ್ಟಿಯ ಹದಿನಾಲ್ಕನೆಯ ಸಾಲು ಓದಿ. "ಗೋಡೆ ಗಡಿಯಾರ, ಕೆಟ್ಟಿದೆ, ಮೇಲೆ ಬಲಗಡೆ ಮುರಿದಿದೆ, ಒಳಬಾಗಿಲ ಮೇಲೆಲ್ಲ ಪೆನ್ಸಿಲ್ ಗೀಚು, ಗುಜರಿಗೆ." ಎರಡೂ ಒಂದೇ ಗಡಿಯಾರ ಅಲ್ವಾ? ಭೂತಗನ್ನಡಿ ಹಿಡಿದು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಆ ಪೆನ್ಸಿಲ್ ಗೀಚು ಬಹುಶಃ ಸುಮ್ನೆ ಗೀಚಿದ್ದಲ್ಲ. ಗಡಿಯಾರ ರಿಪೇರಿ ಮಾಡುವವರು ತಾವು ಬಿಚ್ಚಿ ಎಣ್ಣೆ ಬಿಟ್ಟ ತಾರೀಕನ್ನು ಒಳಗಡೆ ಬರೆದಿಡುವುದು ಹಳೆಯ ರೂಢಿ. ನಿಮ್ಮ ಗಡಿಯಾರದಲ್ಲಿ ಇರುವುದೂ ಅದೇ ಆಗಿದ್ದರೆ, ಆ ಬಾಗಿಲೇ ನಿಮ್ಮ ಮನೆಯ ಒಂದು ದಾಖಲೆ. ಯಾವ ವರ್ಷ ಯಾರು ರಿಪೇರಿ ಮಾಡಿದರು, ಎಷ್ಟು ವರ್ಷ ಯಾರೂ ಮುಟ್ಟಲಿಲ್ಲ, ಎಲ್ಲ ಅಲ್ಲಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಅಳಿಸಿಹೋಗಬಹುದು. ಪಾಲಿಶ್ ಬೇಡ ಎಂದದ್ದು ಅದಕ್ಕೇ. ಹಿಡಿಕೆ ಸವೆದ ಜಾಗ, ಹೊಗೆ ಹಿಡಿದ ಕಲೆ, ತಂತಿ ಸುತ್ತಿ ಮಾಡಿದ ರಿಪೇರಿ, ಇವೆಲ್ಲ ಆ ವಸ್ತುವನ್ನು ಯಾರೋ ಬಳಸಿದ್ದಕ್ಕೆ ಗುರುತು. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಸಾಕು.

"ನಮ್ಮಂಥವರ ವಸ್ತು ಯಾರಿಗೆ ಬೇಕು" ಎಂದು ಕೇಳಿದ್ದೀರಿ. ಕಚೇರಿಯ ದಾಖಲೆಯಲ್ಲಿ ಯಾರ ಹೆಸರು ಇರುತ್ತದೆ ಎಂದು ಯೋಚಿಸಿ. ಮನೆ ಯಾರ ಹೆಸರಲ್ಲಿದೆ, ತೆರಿಗೆ ಯಾರು ಕಟ್ಟಿದರು, ಸಾಲ ಯಾರು ಮಾಡಿದರು, ಅಷ್ಟೇ. ಆ ಮನೆಯಲ್ಲಿ ನಲವತ್ತು ವರ್ಷ ನೀರು ಸೇದಿದವರ, ಬಟ್ಟೆ ಹೊಲಿದವರ, ಬೇರೆಯವರ ಮಕ್ಕಳನ್ನೂ ಸಾಕಿದವರ ಹೆಸರು ಅಲ್ಲಿ ಸಿಗುವುದು ಕಡಿಮೆ. ನಿಮ್ಮ ಪಟ್ಟಿಯಲ್ಲಿ ಒಂದು ಹೊಲಿಗೆ ಯಂತ್ರ ಇದೆ, ಒಂದು ಗುಂಡಿ ಡಬ್ಬಿ ಇದೆ. ಅವನ್ನು ಬಳಸಿದ ಹೆಂಗಸಿನ ಬಗ್ಗೆ ಇರುವ ಒಂದೇ ಒಂದು ದಾಖಲೆ ಅದೇ ಇರಬಹುದು. ಅದನ್ನು ತೂಕಕ್ಕೆ ಹಾಕಬೇಡಿ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಾಗದ ಹಾಳಾಗುತ್ತದೆ, ಫೋಟೋ ಮಾಸುತ್ತದೆ ಎಂದು ನೀವು ಹೆದರಿರಬಹುದು. ಅದು ನಿಜವೇ. ಆದರೆ ಎಲ್ಲಕ್ಕಿಂತ ಮೊದಲು ಹೋಗುವುದು ಕಾಗದವಲ್ಲ. "ಇವರು ಯಾರು, ಇದು ಎಲ್ಲಿಯದು, ಇದನ್ನು ಯಾಕೆ ಇಟ್ಟುಕೊಂಡರು" ಎಂದು ಬಲ್ಲವರ ನೆನಪು ಹೋಗುತ್ತದೆ. ಜೋಪಾನ ಮಾಡಿದ ಕಪ್ಪು-ಬಿಳುಪು ಫೋಟೋ ನೂರು ವರ್ಷ ದಾಟಿಯೂ ಬಾಳುತ್ತದೆ. ಅದರಲ್ಲಿರುವವರ ಗುರುತು ಹೇಳುವವರು ಅಷ್ಟು ವರ್ಷ ಇರುವುದಿಲ್ಲ.

ಪೋಲೆಂಡಿನ ವಾರ್ಸಾ ನಗರದಲ್ಲಿ ನಡೆದದ್ದನ್ನು ಹೇಳುತ್ತೇನೆ. ನಾಜಿಗಳು 1940ರಲ್ಲಿ ಅಲ್ಲಿನ ಯಹೂದಿಗಳನ್ನು ಗೋಡೆ ಕಟ್ಟಿ ಒಳಗೆ ಕೂಡಿಹಾಕಿದರು. ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಎಂಬ ಇತಿಹಾಸಕಾರರು ಒಂದು ಗುಂಪು ಕಟ್ಟಿಕೊಂಡು ಗುಟ್ಟಾಗಿ ದಾಖಲೆ ಸೇರಿಸತೊಡಗಿದರು. ಅವರು ಸೇರಿಸಿದ್ದು ದೊಡ್ಡವರ ಭಾಷಣಗಳನ್ನಲ್ಲ. ದಿನಚರಿ, ಮಕ್ಕಳು ಬರೆದ ಪ್ರಬಂಧ, ಪಡಿತರ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ಇಂಥವನ್ನು. ಅವನ್ನು ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಆ ಗುಂಪಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ರಿಂಗೆಲ್‌ಬ್ಲಮ್ ಅವರನ್ನೂ 1944ರಲ್ಲಿ ಕೊಂದಿದ್ದರು. ಊರು ಪೂರ್ತಿ ಕಲ್ಲುಮಣ್ಣಿನ ರಾಶಿಯಾಗಿತ್ತು. ಎಲ್ಲಿ ಹೂತಿದೆ ಎಂದು ಬಲ್ಲ ಒಬ್ಬರು, ಹೆರ್ಶ್ ವಾಸರ್, ಬದುಕಿದ್ದರು. ಅವರು ತೋರಿಸಿದ ಜಾಗ ಅಗೆದಾಗ 1946ರಲ್ಲಿ ಹತ್ತು ಪೆಟ್ಟಿಗೆ ಸಿಕ್ಕವು. 1950ರಲ್ಲಿ ಎರಡು ಕ್ಯಾನು ಸಿಕ್ಕವು. ಮೂರನೆಯ ಭಾಗವನ್ನೂ ಹೂತಿದ್ದರು ಎನ್ನುತ್ತಾರೆ, ಅದು ಇವತ್ತಿಗೂ ಸಿಕ್ಕಿಲ್ಲ. ಪೆಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ಜಾಗ ಬಲ್ಲ ಒಬ್ಬ ಮನುಷ್ಯ ಬೇಕಾಯಿತು.

ಹಾಗಾಗಿ ಸ್ಕ್ಯಾನರ್ ತರುವ ಮುಂಚೆ ಒಂದು ನೋಟ್‌ಬುಕ್ ತನ್ನಿ. ಟ್ರಂಕಿನಲ್ಲಿ ಯಾವುದರ ಕೆಳಗೆ ಯಾವುದಿತ್ತು ಎಂದು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಟ್ಟು ಬಿಚ್ಚಿದ ಮೇಲೂ ಒಂದು ಕಟ್ಟಿನ ಕಾಗದವನ್ನು ಇನ್ನೊಂದಕ್ಕೆ ಬೆರೆಸಬೇಡಿ. ವಿಷಯದ ಪ್ರಕಾರ ಜೋಡಿಸಿಬಿಡೋಣ ಎಂದು ಎಲ್ಲರಿಗೂ ಕೈ ತುರಿಸುತ್ತದೆ. ಆದರೆ ಒಬ್ಬರು ಯಾವ ಪತ್ರದ ಜೊತೆ ಯಾವ ರಸೀದಿ ಇಟ್ಟಿದ್ದರು ಎನ್ನುವುದೇ ಎಷ್ಟೋ ಸಲ ವಿಷಯ ಬಿಡಿಸಿ ಹೇಳುತ್ತದೆ. ಒಂದು ಕಡೆಯಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಬೇಕು ಎಂದು ಹಳೇ ದಾಖಲೆ ಕಾಪಾಡುವ ಫ್ರಾನ್ಸಿನ ಪತ್ರಾಗಾರಗಳಿಗೆ 1841ರಲ್ಲೇ ಆದೇಶ ಹೋಗಿತ್ತು. ಜಗತ್ತಿನ ಪತ್ರಾಗಾರಗಳು ಇವತ್ತಿಗೂ ಆ ದಾರಿಯಲ್ಲೇ ನಡೆಯುತ್ತವೆ.

ಒಂದೊಂದಕ್ಕೂ ಒಂದು ನಂಬರ್ ಕೊಡಿ. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ಇದು ಏನು, ಯಾರ ಮನೆಯಿಂದ ಬಂತು, ಇದರ ಬಗ್ಗೆ ಹೇಳಿದವರು ಯಾರು, ಹೇಳಿದ ತಾರೀಕು ಯಾವುದು ಎಂದು ಬರೆಯಿರಿ. ಹೇಳಿದವರ ಹೆಸರನ್ನು ತಪ್ಪಿಸಬೇಡಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಖದ ಕಡೆ ಮೂಡುತ್ತದೆ. ಸಾಮಾನಿಗೆ ಹತ್ತಿ ದಾರದಲ್ಲಿ ಒಂದು ಚೀಟಿ ಕಟ್ಟಿದರೆ ಸಾಕು.

ಕಾಗದ ಹಾಳಾಗುವುದಕ್ಕೆ ಕಾರಣ ಹೆಚ್ಚಾಗಿ ನಾವೇ. ಸೆಲೋಟೇಪ್ ಅಂಟಿಸುತ್ತೇವೆ, ಅದು ಕೆಲವು ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ರಬ್ಬರ್ ಬ್ಯಾಂಡ್ ಕರಗಿ ಹಿಡಿದುಕೊಳ್ಳುತ್ತದೆ. ಗುಂಡುಪಿನ್ನು ತುಕ್ಕು ಹಿಡಿಯುತ್ತದೆ. ಪತ್ರಿಕೆಯ ತುಣುಕನ್ನು ಫೋಟೋದ ಜೊತೆ ಇಟ್ಟರೆ ಅದರ ಆಮ್ಲ ಫೋಟೋಕ್ಕೂ ಇಳಿದು ಕಲೆಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಲ್ಯಾಮಿನೇಷನ್. ನನ್ನ ತಾಯಿಯ ಶಾಲೆಯ ಸರ್ಟಿಫಿಕೇಟನ್ನು ಭದ್ರವಾಗಿರಲಿ ಎಂದು ನಾನೇ ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆ. ಈಗ ಒಳಗೆ ಅಂಟು ಕಂದಿದೆ, ಶಾಯಿ ಹರಡಿದೆ, ಬಿಚ್ಚಲು ದಾರಿಯಿಲ್ಲ. ಆ ನೋವಿನಿಂದ ಹೇಳುತ್ತಿದ್ದೇನೆ, ನಿಮ್ಮ ಯಾವ ಕಾಗದಕ್ಕೂ ಹಾಗೆ ಮಾಡಬೇಡಿ.

ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿನ ಮೇಲೆ ಫೋಟೋ ಒತ್ತುವ ಆಲ್ಬಮ್ ನಿಮ್ಮಲ್ಲಿ ನಾಲ್ಕು ಇವೆ ಎಂದಿದ್ದೀರಿ. ಆ ಅಂಟು ಫೋಟೋಕ್ಕೆ ಶತ್ರು. ಆದರೆ ಅವಸರದಲ್ಲಿ ಕೀಳಲೂ ಬೇಡಿ. ಮೊದಲು ಇಡೀ ಪುಟದ ಚಿತ್ರ ತೆಗೆಯಿರಿ. ಆಮೇಲೆ ಹಲ್ಲಿನ ಸಂದಿಗೆ ಬಳಸುವ ದಾರವನ್ನು ಫೋಟೋದ ಹಿಂದೆ ತೂರಿಸಿ, ಗರಗಸದ ಥರ ನಿಧಾನವಾಗಿ ಎಳೆಯಿರಿ. ಬಿಡದಿದ್ದರೆ ಬಿಟ್ಟುಬಿಡಿ, ಇದ್ದಲ್ಲೇ ಸ್ಕ್ಯಾನ್ ಮಾಡಿ. ಬಣ್ಣದ ಫೋಟೋಗಳಿಗೆ ಮೊದಲ ಸರದಿ ಕೊಡಿ. ಅವುಗಳ ಬಣ್ಣ ಕತ್ತಲಲ್ಲಿಟ್ಟರೂ ಮಾಸುತ್ತದೆ. ಬೆಳ್ಳಿಯಿಂದ ಮೂಡಿದ ಕಪ್ಪು-ಬಿಳುಪು ಚಿತ್ರ ಅದಕ್ಕಿಂತ ಗಟ್ಟಿ.

ಅಟ್ಟ ಬೇಡ, ನೆಲಮಾಳಿಗೆಯೂ ಬೇಡ. ಒಂದರಲ್ಲಿ ಸೆಕೆ, ಇನ್ನೊಂದರಲ್ಲಿ ತೇವ. ಮನುಷ್ಯರು ಓಡಾಡುವ ಕೋಣೆಯ ಕಪಾಟೇ ಒಳ್ಳೆಯದು, ನೆಲದಿಂದ ಮೇಲೆ, ಬಿಸಿಲು ಬೀಳದ ಕಡೆ. ಅಲ್ಲಾದರೆ ಹುಳ, ಬೂಷ್ಟು ಬಂದದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಈಗ ಸ್ಕ್ಯಾನಿಂಗ್. ಮಾಡಿ, ಖಂಡಿತ ಮಾಡಿ. ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ವಿವರ ಕಳೆದುಕೊಳ್ಳದ ಟಿಫ್ ಫೈಲಾಗಿ ಇಟ್ಟುಕೊಳ್ಳಿ. ಹಂಚುವುದಕ್ಕೆ ಅದರಿಂದ ಚಿಕ್ಕ ಜೆಪೆಗ್ ಫೈಲು ಮಾಡಿಕೊಳ್ಳಿ. ಹಿಂಬದಿಯನ್ನೂ ಬಿಡದೆ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮುದ್ರೆ, ಯಾರದೋ ಕೈಬರಹ ಇರುವುದು ಅಲ್ಲೇ. ಮೂರು ಪ್ರತಿ ಇರಲಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ಆದರೆ ಮೂಲವನ್ನು ರದ್ದಿಗೆ ಹಾಕುವ ಯೋಚನೆ ಬಿಡಿ.

ಯಾಕೆ ಎಂದು ಕೇಳಿದರೆ, ಬ್ರಿಟನ್ನಿನ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ರಾಜ 1086ರಲ್ಲಿ ತನ್ನ ರಾಜ್ಯದ ಜಮೀನು, ಜನ, ದನಗಳನ್ನು ಲೆಕ್ಕ ಹಾಕಿಸಿ ಬರೆಸಿದ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ ಬಿಬಿಸಿ ಹೊಸ ಕಾಲದ ಡೂಮ್ಸ್‌ಡೇ ಮಾಡಲು ಹೊರಟಿತು. ಶಾಲೆಯ ಮಕ್ಕಳು ತಮ್ಮ ತಮ್ಮ ಊರಿನ ದಿನಬಳಕೆಯ ಬದುಕನ್ನು ಬರೆದರು, ಫೋಟೋ ತೆಗೆದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಎಲ್ಲವನ್ನೂ ಲೇಸರ್ ಡಿಸ್ಕಿಗೆ ಹಾಕಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್ ಓದುವ ಯಂತ್ರ ಸಿಗುವುದೇ ಕಷ್ಟವಾಯಿತು. ತಜ್ಞರು ಬಹಳ ಪಾಡುಪಟ್ಟು ಅದನ್ನು ಹೊರತೆಗೆಯಬೇಕಾಯಿತು. ಚರ್ಮದ ಹಾಳೆಯ ಮೇಲೆ ಬರೆದ 1086ರ ಪುಸ್ತಕ ಮಾತ್ರ ಇವತ್ತಿಗೂ ಸಲೀಸಾಗಿ ಪುಟ ತಿರುಗಿಸಿ ನೋಡುವ ಹಾಗಿದೆ. ನಿಮ್ಮ ಪೆನ್‌ಡ್ರೈವ್ ಅಷ್ಟು ದಿನ ಬಾಳುತ್ತದೆ ಎಂದು ನಂಬಬೇಡಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ನಕಲು ಮಾಡುವ ಕೆಲಸವನ್ನು ಯಾರಾದರೂ ಒಬ್ಬರು ಹೊತ್ತುಕೊಳ್ಳಬೇಕು.

ನಾಲ್ಕೈದು ಮನೆಯವರು ಸೇರಿದ್ದೀರಿ ಎಂದು ಓದಿ ತುಂಬ ಸಂತೋಷವಾಯಿತು. ಒಂದು ಎಚ್ಚರ ಇರಲಿ. ಪತ್ರಗಳಲ್ಲಿ ಕಾಯಿಲೆ, ಸಾಲ, ಜಗಳ ಎಲ್ಲ ಇರುತ್ತವೆ. ಅದನ್ನು ಸುಡಬೇಡಿ, ಹಾಗೆಂದು ಊರಿಗೆಲ್ಲ ತೋರಿಸಲೂ ಬೇಡಿ. ಸಂಬಂಧಪಟ್ಟ ಮನೆಯವರನ್ನು ಕೇಳಿ, ಇಷ್ಟು ವರ್ಷ ತೆರೆಯಬಾರದು ಎಂದು ಲಕೋಟೆಯ ಮೇಲೆ ಬರೆದು ಮುಚ್ಚಿಡಿ. ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ, ಬ್ರಿಟನ್ನಿನಲ್ಲಿ 100 ವರ್ಷ. ಇನ್ನೊಂದು, ವಸ್ತು ಯಾರದು, ಕೊಟ್ಟದ್ದೋ ಎರವಲೋ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಆಮೇಲೆ ಮನಸ್ತಾಪ ಬರುವುದು ಇದಕ್ಕೇ.

ವಸ್ತು ಎಲ್ಲಾ ಸೇರಿದ ಮೇಲೆ ಏನು ಮಾಡಬಹುದು? ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. ಸರ್ಕಾರ 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರ ಎಂದು ಸಾರಿತು. 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಮನೆಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರು 1994ರಲ್ಲಿ ಒಂದು ಹಳೇ ಚರ್ಚಿನಲ್ಲಿ ಮ್ಯೂಸಿಯಂ ತೆರೆದರು. ಕೆಡವುವಾಗ ಎತ್ತಿಟ್ಟಿದ್ದ ಬೀದಿಯ ಹೆಸರಿನ ಫಲಕಗಳನ್ನು ಅಲ್ಲಿ ತೂಗುಹಾಕಿದರು. ನೆಲದ ಮೇಲೆ ಇಡೀ ಬಡಾವಣೆಯ ದೊಡ್ಡ ನಕ್ಷೆ ಬಿಡಿಸಿದರು. ಬಂದವರು ಬಗ್ಗಿ, ಮಂಡಿಯೂರಿ, ತಮ್ಮ ಮನೆ ಇದ್ದ ಜಾಗ ಹುಡುಕಿ ಅಲ್ಲಿ ಮನೆಯವರ ಹೆಸರು ಬರೆದರು. ನಿಮ್ಮ ಬೀದಿಯ ಒಂದು ನಕ್ಷೆಯನ್ನು ಹಾಸಿ, ಎಲ್ಲ ಮನೆಯವರನ್ನೂ ಕರೆದು ನೋಡಿ. ಫೋಟೋ ತೋರಿಸಿದರೆ ಒಬ್ಬರಿಗೆ ಒಂದು ನೆನಪು ಬರುತ್ತದೆ. ನಕ್ಷೆಯ ಸುತ್ತ ಹತ್ತು ಜನ ಕೂತರೆ ಒಬ್ಬರ ನೆನಪನ್ನು ಇನ್ನೊಬ್ಬರು ಎಬ್ಬಿಸುತ್ತಾರೆ.

ಪತ್ರದ ಕೊನೆಗೆ, ಸಹಿಯ ಕೆಳಗೆ, ನೀವು ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀರಿ. "ದೊಡ್ಡಮ್ಮ ಇದ್ದಾರೆ, 88 ವರ್ಷ, ಮರೆವು ಜಾಸ್ತಿ." ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡ ಸುದ್ದಿ. ಟ್ರಂಕುಗಳು ಇನ್ನೂ ಆರು ತಿಂಗಳು ಕಾಯುತ್ತವೆ. ಈ ಭಾನುವಾರವೇ ದೊಡ್ಡಮ್ಮನ ಹತ್ತಿರ ಹೋಗಿ. ಬೆಳಿಗ್ಗೆ, ಅವರು ಚೆನ್ನಾಗಿರುವ ಹೊತ್ತಿನಲ್ಲಿ. ಮೂರನೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಳ್ಳಿ, ಆ ಗಡಿಯಾರವನ್ನೂ ಜೋಪಾನವಾಗಿ ಒಯ್ದು ಎದುರಿಗಿಡಿ. ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ದನಿ ಮುದ್ರಿಸಿ. "ಇವರು ಇಂಥವರಲ್ವಾ" ಎಂದು ನೀವೇ ಹೆಸರು ಎತ್ತಿಕೊಡಬೇಡಿ. ಸುಮ್ಮನೆ ಕೂತು ಕಾಯಿರಿ. ಅವರು ಗಡಿಯಾರದಿಂದ ಶುರು ಮಾಡಿ ಎಲ್ಲಿಗೋ ಹೋದರೂ ತಡೆಯಬೇಡಿ.

ಎಡಗಡೆಯ ಆ ಅಲ್ಲಾಡಿದ ಹುಡುಗಿ ಯಾರು ಎಂದು ಅವರು ಹೇಳಿದರೆ, ನನಗೂ ಒಂದು ಸಾಲು ಬರೆಯಿರಿ.