ಪ್ರತಿ: ಸಾಗರ ಜಾತ್ರೆಯಲ್ಲಿ ಮಗಳು ಜೈಂಟ್ ವೀಲ್ ಹತ್ತಲು ಒಪ್ಪುತ್ತಿಲ್ಲ

ಇದು ಎತ್ತರದ ಭಯ ಅಲ್ಲ ಅನ್ಸುತ್ತೆ. ಕೊಡಚಾದ್ರಿ ಹತ್ತಿದವಳು ಮಾರಿಜಾತ್ರೆಯಲ್ಲಿ ಟಿಕೆಟ್ ಹಿಡ್ಕೊಂಡು ಅತ್ತಳು ಅಂತೀರಲ್ಲ, ಮೊಬೈಲಲ್ಲಿ ನೋಡಿದ್ಳು ಅಂದ್ರಲ್ಲ, ತೊಟ್ಟಿಲು ಕಳಚಿ ಬೀಳೋ ವಿಡಿಯೋ, ಅದೇ ಕಾರಣ ಇರ್ಬೇಕು. ನಮ್ಮ ಹುಡುಗನದ್ದೂ ಇದೇ ಕಥೆ.

"ಏನೂ ಆಗಲ್ಲ ಬಾ" ಅನ್ಬೇಡಿ, ಅನುಮಾನ ಇನ್ನೂ ಜಾಸ್ತಿಯಾಗುತ್ತೆ. ಮೊದಲು ನಾಲ್ಕು ಸುತ್ತು ಸುಮ್ಮನೆ ನಿಂತು ನೋಡಿ. ಅವಳೇ ಪರೀಕ್ಷೆ ಮಾಡ್ಲಿ: ಕಂಬದ ಬುಡದ ಮರದ ದಿಮ್ಮಿ ಮಳೆಯ ಕೆಸರಲ್ಲಿ ಹೂತಿದೆಯಾ? ತೊಟ್ಟಿಲ ಬಾಗಿಲಿಗೆ ಪಿನ್ ಹಾಕ್ತಾರಾ, ಬರೀ ಹಗ್ಗ ಕಟ್ತಾರಾ? ಹಗ್ಗ ಕಂಡ್ರೆ ನೀವೂ ಹತ್ಬೇಡಿ, ಮಗಳು ಹೇಳಿದ್ದೇ ಸರಿ.

ಎಲ್ಲ ನೆಟ್ಟಗಿದ್ರೂ ನೇರ ವೀಲ್ ಬೇಡ, ಹಿಂದೆ ಮುಂದೆ ತೂಗೋ ಕೊಲಂಬಸ್ ದೋಣಿಯ ನಡುವಿನ ಸೀಟಿಂದ ಶುರುಮಾಡಿ. ತೂಗಾಟ ತುದಿಯಲ್ಲೇ ಹೆಚ್ಚು. ಎಲ್ಲ ಮಕ್ಕಳಿಗೂ ಇದು ನಾಟುತ್ತೆ ಅನ್ನಲಾರೆ. ಬೇಡ ಅಂದ್ರೆ ಟಿಕೆಟ್ ದುಡ್ಡು ಹೋಗ್ಲಿ, ಮಂಡಕ್ಕಿ ಕೊಡ್ಸಿ. ಮೂರು ವರ್ಷಕ್ಕೆ ಜಾತ್ರೆ ಮತ್ತೆ ಬರುತ್ತಲ್ಲ.